ವೆಲ್ಲೂರು ಕೋಟೆಯೊಳಗಣ ದೇವಾಲಯದಲ್ಲಿ ಒಂದು ಚರಿತ್ರೆಯ ಪಾಠ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ, ಈಗ ಇಲ್ಲಿ ಓದುತ್ತಿರುವ ಮಕ್ಕಳ ತಾಯಿತಂದೆಗಳಿಗೂ ಒಂದು ಪಾಠದ ವಿವರವನ್ನು ಅರಿಕೆಮಾಡಬೇಕೆಂದು ನಾನು ಬಹು ದಿನಗಳಿಂದ ಎಣಿಸಿದ್ದೆನು. ಒಂಬತ್ತನೆಯ ತರಗತಿಯ ಮೂವತ್ತನಾಲ್ಕು ಮಂದಿ ಬಾಲಿಕೆಯರನ್ನು ನಾಲ್ವರು ಉಪಾಧ್ಯಾಯಿನಿಯರೊಡನೆ ವೆಲ್ಲೂರಿಗೆ ಕರೆದುಕೊಂಡು ಹೋಗಿ, ಅಲ್ಲಿನ ಕೋಟೆಯನ್ನೂ ಅದರೊಳಗಿರುವ ಜಲಕಂಠೇಶ್ವರನ ಗುಡಿಯನ್ನೂ ತೋರಿಸಿಕೊಂಡು ಬಂದ ಸಂಗತಿಯು ನಿಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಅದರ ವಿಷಯವಾಗಿ ಕೆಲವರು ಮೆಚ್ಚಿಕೊಂಡರು, ಕೆಲವರು ಮೆಚ್ಚಲಿಲ್ಲ. ಮೆಚ್ಚದವರ ಮಾತೂ ಆಲೋಚಿಸತಕ್ಕದ್ದಾಗಿರುವುದರಿಂದ, ಅಲ್ಲಿ ನಾವು ಏನು ನೋಡಿದೆವು, ಏನು ಕಲಿತೆವು ಎಂಬುದನ್ನು ಇದ್ದಂತೆ ಬರೆಯುತ್ತೇನೆ.

ಹೊರಡುವುದಕ್ಕೆ ಮೊದಲೇ ನನಗೆ ಎರಡು ಕಡೆಯಿಂದ ಅಡ್ಡಿ ಬಂದಿತು. ನಮ್ಮ ಸಭೆಗೆ ಸೇರಿದ ಒಬ್ಬ ತಂದೆಯವರು ಕಾಗದ ಬರೆದು, ಕ್ರೈಸ್ತ ಮಕ್ಕಳನ್ನು ಪೂಜೆ ನಡೆಯುವ ಗುಡಿಯೊಳಕ್ಕೆ ಕರೆದೊಯ್ಯುವುದು ಮಿಷನ್ ಶಾಲೆಯ ಕೆಲಸವಲ್ಲವೆಂದು ತಿಳಿಸಿದರು. ಮಗಳನ್ನು ವೆಲ್ಲೂರಿಗೆ ಕಳುಹಿಸಲು ಅವರ ಆಕ್ಷೇಪಣೆಯಿರಲಿಲ್ಲ. ಆದರೆ ಆಕೆಯು ಗೋಪುರದ ಬಾಗಿಲನ್ನು ದಾಟಬಾರದು. ಅದೇ ವಾರದಲ್ಲಿ ಇನ್ನೊಬ್ಬ ಹುಡುಗಿಯ ಅಜ್ಜಿಯವರು ಮೊಮ್ಮಗಳ ಕೈ ಹಿಡಿದುಕೊಂಡು ನನ್ನ ಕೊಠಡಿಗೇ ಬಂದರು. "ಅಮ್ಮಾ, ನಮ್ಮ ದೇವರನ್ನು ಮಕ್ಕಳಿಗೆ ಗಾಜಿನ ಪೆಟ್ಟಿಗೆಯ ಸಾಮಾನಿನ ಹಾಗೆ ತೋರಿಸಬೇಡಿ. ಹೋದಮೇಲೆ ಕೈಮುಗಿಯುವುದಕ್ಕೆ ಬಿಡಿ" ಎಂದರು. ನಾನು ಇಬ್ಬರಿಗೂ ಒಂದೇ ಉತ್ತರವನ್ನು ಕೊಟ್ಟೆನು. ಯಾರೂ ಬಲವಂತದಿಂದ ಒಳಗೆ ಹೋಗತಕ್ಕದ್ದಿಲ್ಲ. ಕೈಮುಗಿಯುವವಳನ್ನು ಯಾರೂ ತಡೆಯತಕ್ಕದ್ದಿಲ್ಲ. ಒಳಗೆ ಹೋದವರೆಲ್ಲರೂ ಪಾದರಕ್ಷೆಯನ್ನು ಬಿಟ್ಟು, ಮಾತನ್ನು ತಗ್ಗಿಸಿ, ಆ ಮನೆಯವರ ಮರ್ಯಾದೆಯನ್ನು ಕಾಪಾಡತಕ್ಕದ್ದು. ಈ ಉತ್ತರದಿಂದ ಇಬ್ಬರಿಗೂ ಪೂರ್ತಿ ಸಮಾಧಾನವಾಯಿತೆಂದು ಹೇಳಲಾರೆನು.

ಅಷ್ಟು ದೂರ ಏಕೆ ಹೋಗಬೇಕು, ಕೋಲಾರದ ಸೋಮೇಶ್ವರನ ಗುಡಿಯಲ್ಲಿಯೇ ವಿಜಯನಗರ ಕಾಲದ ಚೆಲುವಾದ ಕಲ್ಯಾಣಮಂಟಪವು ಇದೆಯಲ್ಲಾ ಎಂದು ಕೆಲವರು ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಕೋಟೆ, ಗುಡಿ, ಮಸೀದಿ, ಚರ್ಚು ಇವು ನಾಲ್ಕೂ ಒಂದೇ ಕಂದಕದ ಒಳಗೆ ನಿಂತಿರುವುದನ್ನು ಮಕ್ಕಳಿಗೆ ತೋರಿಸಬೇಕಾದರೆ ವೆಲ್ಲೂರಿನಂಥ ಸ್ಥಳವು ಸಮೀಪದಲ್ಲಿ ಬೇರೊಂದಿಲ್ಲ. ಅದಲ್ಲದೆ, ನಮ್ಮ ಶಾಲೆಯಲ್ಲಿ ಓದಿದ ಒಬ್ಬಾಕೆಯು ಅಲ್ಲಿನ ಕ್ರೈಸ್ತ ವೈದ್ಯಕೀಯ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. 1900ರಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರು ಒಂದೇ ಮಂಚದಿಂದ ಆರಂಭಿಸಿ, 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನು ತೆರೆದ ಆ ಸ್ಥಳವನ್ನು ಕಾಣುವುದೂ ಹೆಣ್ಣುಮಕ್ಕಳಿಗೆ ಒಂದು ಪಾಠವೇ ಆಗಿದೆ. ನಮ್ಮ ಊಟ ವಸತಿಗಳ ಏರ್ಪಾಡನ್ನೆಲ್ಲಾ ಆಕೆಯೇ ಮಾಡಿಕೊಟ್ಟಳು.

ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕುಪ್ಪಂ, ಜೋಲಾರಪೇಟೆ, ಆಂಬೂರುಗಳ ಮೇಲೆ ಕಾಟ್ಪಾಡಿಯಲ್ಲಿ ಇಳಿದೆವು. ಕಾಟ್ಪಾಡಿಯಿಂದ ವೆಲ್ಲೂರಿಗೆ ಹೋಗುವ ದಾರಿಯಲ್ಲಿ ಅಗಲವಾದ ಒಂದು ಮರಳಿನ ಹಾಸನ್ನು ಸೇತುವೆಯ ಮೇಲೆ ದಾಟಬೇಕು. ಅದು ಯಾವ ನದಿಯೆಂದು ಕೇಳಿದಾಗ ಒಬ್ಬಳಿಗೂ ತಿಳಿಯದು. ಅದೇ ಪಾಲಾರು, ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ನಮ್ಮ ಜಿಲ್ಲೆಯ ಬೇತಮಂಗಲದ ಕೆರೆಯನ್ನು ತುಂಬಿ, ಮುಂದಕ್ಕೆ ಹರಿಯುವ ನಮ್ಮದೇ ಹೊಳೆ. ಚಿನ್ನದ ಗಣಿಯ ಊರಿನಿಂದ ಬರುವ ಮಕ್ಕಳ ತಾತಂದಿರು ಕುಡಿದದ್ದು ಆ ಕೆರೆಯ ನೀರನ್ನೇ. ಊರಿನಲ್ಲಿ ಪರಿಚಯವಿದ್ದ ಹೊಳೆಯನ್ನು ಪರಸ್ಥಳದಲ್ಲಿ ಗುರುತಿಸಲಾರದೆ ಹೋದುದಕ್ಕೆ ಹುಡುಗಿಯರು ನಾಚಿಕೊಂಡರು. ನನಗೂ ಚಿಕ್ಕಂದಿನಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಪ್ರತಿಯೊಬ್ಬ ಹುಡುಗಿಗೂ ಒಂದು ಪುಸ್ತಕವನ್ನು ಕೊಟ್ಟು, ಪುಟದ ನಡುವೆ ಗೆರೆಯೆಳೆಯಿಸಿ, ಎಡಗಡೆಯಲ್ಲಿ 'ಕಂಡದ್ದು' ಎಂದೂ ಬಲಗಡೆಯಲ್ಲಿ 'ಕೇಳಿದ್ದು' ಎಂದೂ ಬರೆಯಿಸಿದ್ದೆನು. ಚರಿತ್ರೆಯ ಪಾಠದಲ್ಲಿ ನಾನು ಎಷ್ಟೋ ವರ್ಷಗಳಿಂದ ಪಡುತ್ತಿರುವ ಕಷ್ಟವಿದು: ಮಕ್ಕಳು ಪಠ್ಯಪುಸ್ತಕದ ವಾಕ್ಯವನ್ನೂ, ದಾರಿತೋರಿಸುವವನ ಕಥೆಯನ್ನೂ, ಕಲ್ಲಿನ ಮೇಲೆ ಕಣ್ಣಾರೆ ಕಂಡದ್ದನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ.

ಕೋಟೆಯನ್ನು ಕುರಿತು ಸ್ವಲ್ಪ ಹೇಳುತ್ತೇನೆ. ಅದು ಸುಮಾರು 133 ಎಕರೆಗಳ ವಿಸ್ತಾರವುಳ್ಳದ್ದು. ಗುಡ್ಡದ ಮೇಲಣ ದುರ್ಗವಲ್ಲ, ಬಯಲಿನ ಕೋಟೆ. ಆದುದರಿಂದ ಅದರ ಬಲವೆಲ್ಲವೂ ಗೋಡೆಯಲ್ಲಿಯೂ ಕಂದಕದಲ್ಲಿಯೂ ಇದೆ. ದೊಡ್ಡ ದೊಡ್ಡ ಕಗ್ಗಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿ ಎಬ್ಬಿಸಿದ ಗೋಡೆಗಳು. ಸುತ್ತಲೂ ಅಗಲವಾದ ಕಂದಕದಲ್ಲಿ ನೀರು. ನಮ್ಮ ಹುಡುಗಿಯರಲ್ಲಿ ಒಬ್ಬಳು ಕಲ್ಲುಗಳ ಸಂದಿನಲ್ಲಿ ತನ್ನ ಪೆನ್ಸಿಲಿನ ಮೊನೆಯನ್ನು ತೂರಿಸಲು ಯತ್ನಿಸಿ, ಆಗಲಿಲ್ಲವೆಂದು 'ಕಂಡದ್ದು' ಎಂಬ ಕಡೆಯಲ್ಲಿ ಬರೆದುಕೊಂಡಳು. ಕಂದಕದಲ್ಲಿ ಹತ್ತು ಸಾವಿರ ಮೊಸಳೆಗಳಿದ್ದುವೆಂಬ ಮಾತು 'ಕೇಳಿದ್ದು' ಎಂಬ ಕಡೆಗೆ ಹೋಯಿತು.

ಈ ಕೋಟೆಯೂ ಗುಡಿಯೂ ಹದಿನಾರನೆಯ ಶತಮಾನದವು. ವಿಜಯನಗರದ ಅಧೀನದಲ್ಲಿದ್ದ ನಾಯಕರ ಕಾಲದವು. ಅವರಲ್ಲಿ ಹೆಸರಾದವನು ಚಿನ್ನಬೊಮ್ಮನಾಯಕ. ಅಲಂಕಾರಶಾಸ್ತ್ರವನ್ನು ಓದುವವರಿಗೆ ಕುವಲಯಾನಂದದ ಕರ್ತೃವಾದ ಅಪ್ಪಯ್ಯ ದೀಕ್ಷಿತರ ಹೆಸರು ತಿಳಿದಿರುವುದಷ್ಟೆ. ಆ ದೀಕ್ಷಿತರಿಗೆ ಆಶ್ರಯವನ್ನು ಕೊಟ್ಟು, ಶಿವಾರ್ಕಮಣಿದೀಪಿಕೆಯನ್ನು ಬರೆದುದಕ್ಕಾಗಿ ಹೊನ್ನಿನ ನಾಣ್ಯಗಳಿಂದ ಅಭಿಷೇಕವನ್ನು ಮಾಡಿಸಿದವನು ಈ ನಾಯಕನೇ. 1565ರ ಯುದ್ಧದಲ್ಲಿ ಹಂಪೆಯು ಹಾಳಾದ ಮೇಲೆ ಅರವೀಡು ವಂಶದ ಅರಸರು ಪೆನುಗೊಂಡೆ, ಚಂದ್ರಗಿರಿಗಳಿಗೆ ಸರಿದು, ಕೊನೆಗೆ ವೆಲ್ಲೂರಿನಲ್ಲಿ ನೆಲೆಗೊಂಡರು. ಕಡೆಯವನಾದ ಶ್ರೀರಂಗರಾಯನು ಇದನ್ನೂ ಕಳೆದುಕೊಂಡು ನಮ್ಮ ಕನ್ನಡನಾಡಿಗೆ ಬಂದು ಕೆಳದಿಯ ಶಿವಪ್ಪನಾಯಕನ ಆಶ್ರಯವನ್ನು ಪಡೆದನು. ಮುಂದೆ ಬಿಜಾಪುರದವರು, ಮರಾಠರು, ಮೊಗಲರ ಸೇನಾನಿಗಳು, ಆರ್ಕಾಡಿನ ನವಾಬರ ಕಡೆಯವರು, ಇಂಗ್ಲಿಷರು ಎಂದು ಒಡೆಯರು ಬದಲಾಗುತ್ತ ಹೋದರು. 1780ರಿಂದ 1782ರವರೆಗೆ ಹೈದರನ ಸೈನ್ಯವು ಮುತ್ತಿಗೆ ಹಾಕಿದಾಗಲೂ ಕೋಟೆಯು ಬೀಳಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಟೀಪುವಿನ ಮಕ್ಕಳನ್ನೂ ಅಂತಃಪುರದವರನ್ನೂ ತಂದಿರಿಸಿದ್ದು ಈ ಕೋಟೆಯಲ್ಲಿಯೇ. 1806ನೆಯ ಜುಲೈ 10ನೆಯ ತಾರೀಖು, ಬೆಳಗಾಗುವುದಕ್ಕೆ ಮುಂಚೆ, ಇಲ್ಲಿದ್ದ ದೇಶೀಯ ಸಿಪಾಯಿಗಳು ದಂಗೆಯೆದ್ದರು. ಹಣೆಯ ನಾಮ ವಿಭೂತಿಗಳನ್ನು ಅಳಿಸಬೇಕು, ಕಿವಿಯ ಒಂಟಿಯನ್ನು ತೆಗೆಯಬೇಕು, ಹೊಸ ತೆರದ ಟೋಪಿಯಂಥ ಪೇಟವನ್ನು ಧರಿಸಬೇಕು ಎಂಬ ಅಪ್ಪಣೆಗಳೇ ಹತ್ತಿರದ ಕಾರಣ. ನೂರಕ್ಕೆ ಮೀರಿ ಆಂಗ್ಲ ಸೈನಿಕರು ಸತ್ತರು. ಆರ್ಕಾಡಿನಿಂದ ಕುದುರೆಯ ದಂಡು ಬಂದು ಕೋಟೆಯನ್ನು ಹಿಂದಕ್ಕೆ ತೆಗೆದುಕೊಂಡಾಗ ಮುನ್ನೂರಕ್ಕೂ ಮಿಕ್ಕಿ ಸಿಪಾಯಿಗಳು ಹತರಾದರು. ಕೋಟೆಯ ಅಧಿಪತಿಯಾದ ಫ್ಯಾನ್‌ಕೋರ್ಟನ ಹೆಂಡತಿಯು ಗಂಡನನ್ನು ಕಳೆದುಕೊಂಡು ಮಕ್ಕಳೊಡನೆ ಅಡಗಿ ಬದುಕಿದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾಳೆ. ಟೀಪುವಿನ ಮನೆಯ ಹೆಂಗಸರು ಆ ದಿನವನ್ನು ಹೇಗೆ ಕಳೆದರೆಂಬುದಕ್ಕೆ ಅಂಥ ಬರಹವೊಂದನ್ನೂ ನಾನು ಓದಿಲ್ಲ. ಅದರ ಹಿಂದಿನ ದಿನವಷ್ಟೆ ಅವರ ಮನೆಯಲ್ಲಿ ಒಬ್ಬ ಮಗಳ ಮದುವೆ ನಡೆದಿತ್ತು. ಬರೆದವರ ದುಃಖವು ಮಾತ್ರ ನಮಗೆ ತಲಪುತ್ತದೆಂದು ಹೇಳಿ, ಮಕ್ಕಳನ್ನು ಮುಂದಕ್ಕೆ ಕರೆದುಕೊಂಡು ಹೋದೆನು.

ಗುಡಿಯ ಗೋಪುರವು ಏಳು ನೆಲೆಗಳುಳ್ಳದ್ದು. ನೂರು ಅಡಿಗಿಂತ ಎತ್ತರವಾಗಿದೆ. ಪಾದರಕ್ಷೆಗಳನ್ನು ಸಾಲಾಗಿ ಬಿಟ್ಟು ಮೂವತ್ತಮೂವರು ಒಳಗೆ ಹೋದರು. ಮೂವತ್ತನಾಲ್ಕನೆಯವಳು ತಂದೆಯ ಮಾತಿನಂತೆ ಒಬ್ಬ ಉಪಾಧ್ಯಾಯಿನಿಯ ಜತೆಯಲ್ಲಿ ಹೊರಗೆ ಹುಲ್ಲಿನ ಮೇಲೆ ಕುಳಿತಳು. ಆಕೆಯ ಮುಖವನ್ನು ನೋಡಿ ನನಗೆ ಒಳಗೆ ಹೋಗಲು ಕಾಲು ಏಳಲಿಲ್ಲ. ಆದರೆ ಒಪ್ಪಿದ ಮಾತನ್ನು ಬಾಗಿಲಿನಲ್ಲಿ ಮುರಿಯುವುದಾದರೆ ಅದನ್ನು ಕೊಡಲೇಬಾರದಿತ್ತು. "ನೀನು ಗೋಪುರವನ್ನು ಬರೆ, ಒಳಗೆ ಹೋದವರಿಗೆ ಅದು ಪೂರ್ತಿಯಾಗಿ ಕಾಣುವುದಿಲ್ಲ" ಎಂದು ಹೇಳಿ ಹೋದೆನು.

ಒಳಹೊಕ್ಕೊಡನೆ ಎಡಗಡೆಯಲ್ಲಿ ಕಲ್ಯಾಣಮಂಟಪವಿದೆ. ವೆಲ್ಲೂರಿನ ಕೀರ್ತಿಯೆಲ್ಲವೂ ಇದರದೇ ಎಂದರೆ ತಪ್ಪಾಗದು. ಮುಂಭಾಗದ ಕಂಬಗಳಲ್ಲಿ ಮುಂಗಾಲುಗಳನ್ನೆತ್ತಿ ನೆಗೆಯುತ್ತಿರುವ ಕುದುರೆಗಳು, ಯಾಳಿಗಳು, ಅವುಗಳ ಮೇಲೆ ಸವಾರರು, ಕೆಳಗೆ ಕಾದುತ್ತಿರುವ ಕಾಲಾಳುಗಳು. ಇದೆಲ್ಲವೂ ಬೇರೆ ಬೇರೆಯಾಗಿ ಕೆತ್ತಿ ಸೇರಿಸಿದ್ದಲ್ಲ. ಕಂಬದ ಕಲ್ಲಿನಿಂದಲೇ ಬಿಡಿಸಿದ್ದು. ನಾನು ಮಕ್ಕಳಿಗೆ ಮಂಟಪವನ್ನೆಲ್ಲಾ ನೋಡಬೇಡಿರೆಂದು ಹೇಳಿದೆನು. ಇಬ್ಬಿಬ್ಬರಿಗೆ ಒಂದೊಂದು ಕಂಬ, ಒಂದು ಗಂಟೆಯ ಕಾಲ. ಬರೆಯಬೇಕು, ಅಳೆಯಬೇಕು, ಮುಟ್ಟಬಾರದು. ಮೊದಲಿನ ಹತ್ತು ನಿಮಿಷದೊಳಗೇ "ಆಯಿತು, ಟೀಚರ್" ಎಂದು ಬಂದವರನ್ನು ಹಿಂದಕ್ಕೆ ಕಳುಹಿಸಿದೆನು. ಅರ್ಧ ಗಂಟೆಯಾದ ಮೇಲೆ ಅವರಾಗಿಯೇ ಪ್ರಶ್ನೆಗಳನ್ನು ತರಲಾರಂಭಿಸಿದರು. ನೋಡುವುದು ಅಲ್ಲಿಂದ ಮೊದಲಾಗುತ್ತದೆ.

ಬೇಲೂರು ಹಳೇಬೀಡುಗಳಲ್ಲಿ ಸರದ ಮಣಿಮಣಿಯನ್ನೂ ಬಿಡಿಸಿರುವರು, ಇಲ್ಲಿ ಹಾಗಿಲ್ಲವೇಕೆ ಎಂಬುದು ಒಂದು ಪ್ರಶ್ನೆ. ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕೆಲಸಮಾಡಿದವರು. ಅದು ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ. ವಿಜಯನಗರದವರು ಹಿಡಿದದ್ದು ಕಗ್ಗಲ್ಲನ್ನು. ಕಗ್ಗಲ್ಲು ಸಣ್ಣ ಸೊಗಸನ್ನು ಬೇಗ ಕೊಡುವುದಿಲ್ಲ, ದೊಡ್ಡ ನೆಗೆತವನ್ನು ಕೊಡುತ್ತದೆ. ಅಂಥ ಕಲ್ಲಿನಲ್ಲಿಯೂ ಕುದುರೆಯ ಕುತ್ತಿಗೆಯ ಬಾಗು ಮೇಣದ ಹಾಗೆ ಬಂದಿರುವುದೇ ಇಲ್ಲಿಯ ಆಶ್ಚರ್ಯ. ಎಲ್ಲೆಲ್ಲಿಯೂ ಕುದುರೆಯೇ ಏಕೆಂಬುದು ಎರಡನೆಯ ಪ್ರಶ್ನೆ. ಒಳ್ಳೆಯ ಯುದ್ಧದ ಕುದುರೆಯು ನಮ್ಮ ದೇಶದಲ್ಲಿ ಬೆಳೆಯುತ್ತಿರಲಿಲ್ಲ. ಅರಬ್ಬಿ, ಪಾರಸಿ ದೇಶಗಳಿಂದ ಹಡಗಿನಲ್ಲಿ ಬರಬೇಕು. ಹದಿನಾರನೆಯ ಶತಮಾನದಲ್ಲಿ ಗೋವೆಯ ಪೋರ್ಚುಗೀಸರ ಕೈಯಿಂದ ಬರಬೇಕು. ಕುದುರೆಗಳು ಯಾರ ಕಡೆಗೆ ಹೋಗುತ್ತವೆಯೋ ಯುದ್ಧವೂ ಆ ಕಡೆಗೆ ತಿರುಗುತ್ತಿತ್ತು. ಕಂಬದ ಮೇಲಣ ಕುದುರೆಯು ಅಲಂಕಾರ ಮಾತ್ರವಲ್ಲ, ರಾಜ್ಯದ ಆಸೆಯೂ ಚಿಂತೆಯೂ ಆಗಿತ್ತೆಂದು ಹೇಳಿದಾಗ ಹುಡುಗಿಯರು ತಮ್ಮ ಕಂಬಗಳ ಬಳಿಗೆ ಮತ್ತೊಮ್ಮೆ ಓಡಿದರು.

ಮಂಟಪದ ಒಳಮಾಳಿಗೆಯನ್ನು ನೋಡಲು ನಮ್ಮಲ್ಲಿ ಕೆಲವರು ನೆಲದ ಮೇಲೆ ಮಲಗಿಬಿಟ್ಟರು. ಅಲ್ಲಿ ನಡುವೆ ಅರಳಿದ ತಾವರೆ; ಅದನ್ನು ಸುತ್ತಿ ತಲೆಕೆಳಗಾಗಿ ತೂಗುವ ಗಿಳಿಗಳು. ಮಲಗಿದ್ದವರನ್ನು ನಾನು ಗದರಿಸಬೇಕಾಗಿತ್ತೇನೋ. ಆದರೆ ಸ್ಥಳೀಯರಾದ ಒಬ್ಬ ಮುದುಕಮ್ಮನವರು ನಗುತ್ತ ತಾವೂ ಮೇಲಕ್ಕೆ ಕೈ ತೋರಿಸಿ ಗಿಳಿಗಳನ್ನು ಎಣಿಸಲು ಮೊದಲುಮಾಡಿದ್ದರಿಂದ ಸುಮ್ಮನಾದೆನು.

ಈ ಮಂಟಪವನ್ನು ಕುರಿತು ಒಂದು ಕಥೆಯು ರೂಢಿಯಲ್ಲಿದೆ. ಇದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಇಂಗ್ಲೆಂಡಿಗೆ ಸಾಗಿಸಬೇಕೆಂದು ಯಾರೋ ದೊರೆಗಳು ಗೊತ್ತುಮಾಡಿದ್ದರಂತೆ. ಅದಕ್ಕಾಗಿ ಬರುತ್ತಿದ್ದ ಹಡಗು ಸಮುದ್ರದಲ್ಲಿ ಮುಳುಗಿಹೋದುದರಿಂದ ಮಂಟಪವು ಉಳಿಯಿತಂತೆ. ಮಕ್ಕಳಿಗೆ ಈ ಕಥೆಯು ಎಲ್ಲದಕ್ಕಿಂತ ಹೆಚ್ಚಾಗಿ ರುಚಿಸಿತು. ಎಡಗಡೆಯಲ್ಲಿಯೇ ಬರೆದುಕೊಂಡಿದ್ದ ನಾಲ್ವರು ಅದನ್ನು ಅಳಿಸಿ ಬಲಗಡೆಗೆ ಬರೆಯಬೇಕಾಯಿತು.

ಇನ್ನು ಆ ಗುಡಿಯ ಮುಖ್ಯವಾದ ಸಂಗತಿಗೆ ಬರುತ್ತೇನೆ. ಶತಮಾನಗಳ ಕಾಲ ಇಲ್ಲಿ ದೇವರಿರಲಿಲ್ಲ. ಯುದ್ಧಗಳ ದೆಸೆಯಿಂದ ಪೂಜೆಯು ನಿಂತುಹೋಗಿ, ಗರ್ಭಗುಡಿಯು ಬರಿದಾಯಿತು. ಇಂಗ್ಲಿಷರ ದಂಡು ಕೋಟೆಯಲ್ಲಿದ್ದಾಗ ಗುಡಿಯನ್ನು ಬಹುಕಾಲ ಆಯುಧಗಳನ್ನೂ ಸಾಮಾನುಗಳನ್ನೂ ಇಡುವ ಉಗ್ರಾಣವಾಗಿ ಉಪಯೋಗಿಸಿದರು. ಆಮೇಲೆ ಅದು ಪುರಾತತ್ವ ಇಲಾಖೆಯ ರಕ್ಷಣೆಗೆ ಬಂದಿತು. ಕಂಬಗಳಿಗೆ ಕ್ಷೇಮವಾಯಿತು, ಆದರೆ ದೀಪವಿರಲಿಲ್ಲ. ರಕ್ಷಣೆಗೆ ಬಂದ ಕಾಲದಲ್ಲಿ ಪೂಜೆಯಿಲ್ಲದಿದ್ದ ಸ್ಮಾರಕದಲ್ಲಿ ಹೊಸದಾಗಿ ಪೂಜೆಯನ್ನು ಆರಂಭಿಸಲು ಇಲಾಖೆಯ ನಿಯಮವು ಒಡಂಬಡುವುದಿಲ್ಲ. ಊರವರು ಮಾತ್ರ ಮರೆಯಲಿಲ್ಲ. ಸಮೀಪದ ಸತ್ತುವಾಚಾರಿಯಲ್ಲಿ ಇಟ್ಟು ಪೂಜಿಸುತ್ತಿದ್ದ ಲಿಂಗವನ್ನು 1981ನೆಯ ಮಾರ್ಚಿಯಲ್ಲಿ ಮುಚ್ಚಿದ ಬಂಡಿಯಲ್ಲಿ ಕೋಟೆಯೊಳಕ್ಕೆ ತಂದು ಪ್ರತಿಷ್ಠೆ ಮಾಡಿದರು. ಇಲಾಖೆಯವರು ಆಕ್ಷೇಪಿಸಿದರು, ಪೂಜೆಯು ನಿಲ್ಲಲಿಲ್ಲ. ಇಂದಿಗೂ ನಡೆಯುತ್ತಿದೆ. ನಾನು ಎಳೆಗೂಸಾಗಿದ್ದ ಕಾಲದ ಮಾತು ಇದು. ಚರಿತ್ರೆಯೆಂದರೆ ಬಹಳ ಹಿಂದಿನದೆಂದು ತಿಳಿದಿದ್ದ ಮಕ್ಕಳಿಗೆ ಆಶ್ಚರ್ಯವಾಯಿತು.

ಅವರು ಮಾಡಿದ್ದು ಸರಿಯೇ ಎಂದು ಚರ್ಚೆ ಹುಟ್ಟಿತು. ಮಂಟಪದ ಹೊರಗಣ ನೆರಳಿನಲ್ಲಿ ಕುಳಿತು ಮುಕ್ಕಾಲು ಗಂಟೆ ವಾದಿಸಿದರು. ನಿಯಮವನ್ನು ಒಬ್ಬರು ಮೀರಿದರೆ ಎಲ್ಲರೂ ಮೀರುವರು, ಪ್ರತಿಯೊಂದು ಹಳೆಯ ಕಟ್ಟಡಕ್ಕೂ ಒಬ್ಬೊಬ್ಬರು ಹಕ್ಕುದಾರರು ಏಳುವರು, ಎಣ್ಣೆಹೊಗೆಯಿಂದ ಶಿಲ್ಪಕ್ಕೆ ಹಾನಿಯಾಗುವುದು ಎಂದು ಒಂದು ಪಕ್ಷ. ಕಟ್ಟಿದವರು ನೋಡುವುದಕ್ಕಾಗಿ ಕಟ್ಟಲಿಲ್ಲ, ಪೂಜಿಸುವುದಕ್ಕಾಗಿ ಕಟ್ಟಿದರು ಎಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷದಲ್ಲಿ ಬಲವಾಗಿ ಮಾತನಾಡಿದವಳು ನಮ್ಮ ಸಭೆಯ ಉಪದೇಶಿಯವರ ಮಗಳು. ಆಕೆಯು ಎಜ್ರನ ಪುಸ್ತಕದ ಸಂಗತಿಯನ್ನು ಎತ್ತಿದಳು: ಬಾಬಿಲೋನಿನ ಸೆರೆಯಿಂದ ಹಿಂದಿರುಗಿ ಬಂದವರು ಯೆರೂಸಲೇಮಿನಲ್ಲಿ ಆಲಯಕ್ಕೆ ಮತ್ತೆ ಅಸ್ತಿವಾರ ಹಾಕಿದಾಗ, ಮೊದಲಿನದನ್ನು ಕಂಡಿದ್ದ ಮುದುಕರು ಅತ್ತರಲ್ಲವೇ? ಇಲ್ಲಿ ಮೊದಲಿನದನ್ನು ಕಂಡವರು ಯಾರೂ ಉಳಿದಿರಲಿಲ್ಲ, ಆದರೂ ಜನರು ಕಾದಿದ್ದರಲ್ಲ ಎಂದಳು. ನಾನು ತೀರ್ಪನ್ನು ಕೊಡಲಿಲ್ಲ. ನನ್ನ ಮನಸ್ಸು ಹೆಚ್ಚಾಗಿ ಆಕೆಯ ಕಡೆಗಿತ್ತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೊದಲನೆಯ ಪಕ್ಷದ ಭಯವು ಹುಸಿಯೆಂದು ಮಾತ್ರ ಹೇಳಲಾರೆನು. ಚರ್ಚೆಯು ಮುಗಿದ ಮೇಲೆ ಹಿಂದೂ ಬಾಲಿಕೆಯರು ತಮ್ಮ ಸಮಾಜದ ಉಪಾಧ್ಯಾಯಿನಿಯೊಡನೆ ದರ್ಶನಕ್ಕೆ ಹೋದರು. ಅಜ್ಜಿಯವರ ಮೊಮ್ಮಗಳು ವಿಭೂತಿಯ ಪೊಟ್ಟಣವನ್ನು ಪುಸ್ತಕದ ಹಾಳೆಗಳ ನಡುವೆ ಜೋಪಾನವಾಗಿ ಇಟ್ಟುಕೊಂಡಳು. ಉಳಿದವರು ಮಾತನಾಡದೆ ಪ್ರಾಕಾರದಲ್ಲಿ ಕಾದಿದ್ದರು.

ಮಧ್ಯಾಹ್ನ ಕೋಟೆಯೊಳಗಣ ಸಂತ ಯೋಹಾನನ ದೇವಾಲಯಕ್ಕೆ ಹೋದೆವು. (ನಮ್ಮ ಕ್ರೈಸ್ತರ ಮನೆಮಾತಿನಲ್ಲಿ ಚರ್ಚಿಗೂ ದೇವಾಲಯವೆಂದೇ ಹೇಳುವ ವಾಡಿಕೆ, ಆ ದಿನವೆಲ್ಲಾ ಯಾವ ದೇವಾಲಯವೆಂದು ಹುಡುಗಿಯರು ಒಬ್ಬರನ್ನೊಬ್ಬರು ಕೇಳಬೇಕಾಗಿ ಬಂದಿತು.) ಅದು 1846ರಲ್ಲಿ ಕಟ್ಟಿದ್ದು, ಸರಳವಾಗಿದೆ. ಹೊರಗೆ ಬಂದಾಗ ಪುಸ್ತಕವನ್ನು ಮಡಿಸಿಕೊಂಡು ಒಬ್ಬಳು ಕೇಳಿದಳು: "ಟೀಚರ್, ಇದನ್ನು ಕಟ್ಟಿಸಿಕೊಂಡು ಪ್ರಾರ್ಥನೆ ಮಾಡುತ್ತಿದ್ದವರೂ, ಆ ಗುಡಿಯನ್ನು ಉಗ್ರಾಣ ಮಾಡಿಕೊಂಡವರೂ ಒಂದೇ ದಂಡಿನವರೇ?"

ನಾನು ಬಾಯಿತೆರೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅದು ಸೇನೆಯ ಕೆಲಸ, ಮಿಷನಿನದಲ್ಲ ಎಂದು ಹೇಳಬಹುದಾಗಿತ್ತು. ಅದು ಸುಳ್ಳೂ ಅಲ್ಲ. ಖಾಲಿ ಬಿದ್ದಿದ್ದ ಕಟ್ಟಡವೆಂದೂ ಹೇಳಬಹುದಾಗಿತ್ತು. ಆದರೆ ಬೆಳಗಿನಿಂದ ಎರಡು ಕಡೆಯಲ್ಲಿ ಬರೆಯಿರೆಂದು ಹೇಳುತ್ತಿದ್ದವಳು ನಾನು. "ಹೌದಮ್ಮ, ಒಂದೇ ಸರಕಾರದ ದಂಡು. ಇಲ್ಲಿ ಭಾನುವಾರ ಮೊಣಕಾಲೂರಿದವರಲ್ಲಿ ಕೆಲವರು ಸೋಮವಾರ ಅಲ್ಲಿ ಕೋವಿಗಳ ಲೆಕ್ಕ ಹಿಡಿದಿರಬಹುದು. ಅವರಿಗೆ ಅದು ತಪ್ಪೆಂದು ತೋರಿತೋ ಇಲ್ಲವೋ ನಮಗೆ ಬರೆದಿಟ್ಟಿಲ್ಲ" ಎಂದೆನು. ಹುಡುಗಿಯು ಅದನ್ನು ಯಾವ ಕಡೆಯಲ್ಲಿ ಬರೆಯಬೇಕೆಂದು ಕೇಳಿದಳು. 'ಕೇಳಿದ್ದು' ಎಂಬ ಕಡೆಯಲ್ಲಿ ಬರೆ, ನಾನು ಕಂಡವಳಲ್ಲ ಎಂದೆನು.

ರಾತ್ರಿ ಆಸ್ಪತ್ರೆಯ ಅತಿಥಿಗೃಹದಲ್ಲಿ ಎಲ್ಲರೂ ತಮ್ಮ ಚಿತ್ರಗಳನ್ನು ನೆಲದ ಮೇಲೆ ಹರಡಿದರು. ಕುದುರೆಗಳಲ್ಲಿ ಕೆಲವು ಕತ್ತೆಗಳಂತೆಯೂ ಕೆಲವು ನಾಯಿಗಳಂತೆಯೂ ಇದ್ದುವು. ಹೊರಗೆ ಕುಳಿತಿದ್ದವಳು ಬರೆದ ಗೋಪುರವು ಮಾತ್ರ ಏಳು ನೆಲೆಗಳೂ ಅಳತೆಗೆ ಸರಿಯಾಗಿ, ನೆರಳು ಬೆಳಕುಗಳೊಡನೆ, ಅದರ ತುದಿಯಲ್ಲಿ ಕುಳಿತ ಪಾರಿವಾಳಗಳೊಡನೆ ಬಂದಿತ್ತು. ಕೆಳಗಣ ಬಾಗಿಲನ್ನು ಆಕೆಯು ಬರೆಯದೆ ಬಿಟ್ಟಿದ್ದಳು. ಏಕೆಂದು ಕೇಳಿದುದಕ್ಕೆ, ಪೆನ್ಸಿಲು ಮುಗಿದುಹೋಯಿತು ಎಂದಳು.

ಆಕೆಯ ತಂದೆಯವರು ನನ್ನ ಅಭಿಪ್ರಾಯವನ್ನು ಇನ್ನೂ ಒಪ್ಪಿಲ್ಲ. ನಾನೂ ಅವರದನ್ನು ಒಪ್ಪಿಲ್ಲ. ಚಿತ್ರವನ್ನು ಚೌಕಟ್ಟು ಹಾಕಿಸಿ ಶಾಲೆಯ ಪುಸ್ತಕಭಂಡಾರದಲ್ಲಿ ತೂಗುಹಾಕಲು ಅವರು ಸಂತೋಷದಿಂದ ಅನುಮತಿ ಕೊಟ್ಟರು. ಮೂವತ್ತನಾಲ್ಕು ಪುಸ್ತಕಗಳೂ ಅದರ ಕೆಳಗಣ ಬೀರುವಿನಲ್ಲಿವೆ. ಶಾಲೆಗೆ ಬಂದ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ತೆಗೆದು ಓದಬಹುದು. ಬರುವ ವರ್ಷ ಕೋಲಾರದ ಸೋಮೇಶ್ವರನ ಗುಡಿಗೆ ಹೋಗುವುದೆಂದು ಗೊತ್ತಾಗಿದೆ. ಒಪ್ಪಿಗೆಯ ಕಾಗದಗಳನ್ನು ಈಗಿನಿಂದಲೇ ಕಳುಹಿಸುತ್ತಿದ್ದೇವೆ.